ಪ್ಲೈವುಡ್ ಗೋಡೆಯ ಹಿಂದಿನ ಮೇನ್‌ಫ್ರೇಮ್

ಮೇನ್‌ಫ್ರೇಮ್ ಕಲಿಯಲು ಬಂದವರೆಲ್ಲ ಮೊದಲ ದಿನ ಕೇಳುವ ಪ್ರಶ್ನೆ ಒಂದೇ: "ಸರ್, ಮೆಷಿನ್ ಎಲ್ಲಿ?" ಬಹಳ ಒಳ್ಳೆಯ ಪ್ರಶ್ನೆ. ಇಷ್ಟು ಒಳ್ಳೆಯ ಪ್ರಶ್ನೆಗೆ ಕುಮಟಾ, ಹೊನ್ನಾವರ, ಭಟ್ಕಳ ಮೂರೂ ಊರುಗಳಲ್ಲಿ ನಿಂತು ಮೂರು ವರ್ಷ ಸುಳ್ಳು ಉತ್ತರ ಕೊಟ್ಟವನು ನಾನು. ಈಗ ನಿವೃತ್ತನಾಗಿದ್ದೇನೆ. ಸುಳ್ಳು ಹೇಳುವ ಅಗತ್ಯವೂ ಇಲ್ಲ, ಕೇಳುವವರೂ ಇಲ್ಲ. ಆದ್ದರಿಂದ ಈ ಕಸುಬಿಗೆ ಹೊಸದಾಗಿ ಕಾಲಿಡುವವರಿಗಾಗಿ ನಿಜ ಬರೆದಿಡುತ್ತೇನೆ.

ನಾನು ಕಾಗಾಲದವನು. ಮುಂಬೈಯ ಒಂದು ದೊಡ್ಡ ಕಂಪ್ಯೂಟರ್ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷ ಜಾಬ್ ಕಂಟ್ರೋಲ್ ವಿಭಾಗದಲ್ಲಿದ್ದೆ. ಜಾಬ್ ಕಂಟ್ರೋಲ್ ಎಂದರೇನು ಎಂಬುದು ಎರಡನೆಯ ದಿನದ ಪ್ರಶ್ನೆ. ಮೇನ್‌ಫ್ರೇಮ್ ಎಂಬುದು ಒಂದು ಕೋಣೆ ತುಂಬುವ ಯಂತ್ರ. ಅದರ ಹತ್ತಿರ ನೇರವಾಗಿ ಮಾತಾಡುವ ಹಾಗಿಲ್ಲ. ನಾನು ಇಂಥವನು, ಇಂಥ ಪ್ರೋಗ್ರಾಮ್ ಓಡಿಸಬೇಕು, ಇಂಥ ಕಡತ ತೆಗೆದುಕೋ, ಫಲಿತಾಂಶ ಇಂಥಲ್ಲಿ ಇಡು ಎಂದು ಒಂದು ಅರ್ಜಿ ಬರೆಯಬೇಕು. ಆ ಅರ್ಜಿಗೆ ಜಾಬ್ ಎಂದು ಹೆಸರು, ಅದನ್ನು ಬರೆಯುವ ಭಾಷೆಯೇ ಜಾಬ್ ಕಂಟ್ರೋಲ್. ಒಂದು ಅಲ್ಪವಿರಾಮ ಬಿಟ್ಟುಹೋದರೂ ಮೆಷಿನ್ ಅರ್ಜಿಯನ್ನು ಮೋರೆಗೆ ಎಸೆಯುತ್ತದೆ. ತಾಲೂಕು ಕಚೇರಿಗೂ ಅದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಮೆಷಿನ್ ಕಾರಣವನ್ನು ಬರೆದು ಕೊಡುತ್ತದೆ.

ನಾನು ಸೇರಿದ ಕಾಲದಲ್ಲಿ ಅರ್ಜಿಯ ಒಂದೊಂದು ಸಾಲಿಗೆ ಒಂದೊಂದು ತೂತಿನ ಕಾರ್ಡು. ಕಾರ್ಡಿನ ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು ಹೋಗಬೇಕು, ಫಲಿತಾಂಶಕ್ಕೆ ಮರುದಿನ ಬರಬೇಕು. ಸೇರಿದ ಮೊದಲ ತಿಂಗಳಲ್ಲೇ ನಾನು ಒಂದು ಕಟ್ಟನ್ನು ಕೈಜಾರಿಸಿ, ಯಾರೂ ನೋಡಲಿಲ್ಲವೆಂದು ಅಂದಾಜಿನಲ್ಲಿ ಜೋಡಿಸಿ ಒಳಗೆ ಹಾಕಿದೆ. ಮೆಷಿನ್ ಮೂರು ಪುಟ ತುಂಬ ಬೈದು ಕಳಿಸಿತು. ನಮ್ಮ ಶಿಫ್ಟಿನ ಮುಖ್ಯಸ್ಥರು ಅದನ್ನೆಲ್ಲ ನಿಧಾನವಾಗಿ ಓದಿ, ಮೆಷಿನ್‌ಗೆ ನಿನ್ನ ಮುಖ ಕಾಣುವುದಿಲ್ಲ, ಅದೇ ಅದರ ದೊಡ್ಡ ಗುಣ ಎಂದರು. ಅವರು ಹೊಗಳಿದ್ದು ಮೆಷಿನ್ನನ್ನು ಎಂದು ತಿಳಿಯಲು ನನಗೆ ಎರಡು ದಿನ ಹಿಡಿಯಿತು.

ತೊಂಬತ್ತರ ದಶಕದ ಕೊನೆಗೆ ಎರಡು ಸಾವಿರದ ಇಸವಿಯ ಗುಮ್ಮ ಬಂತು. ಹೊಸ ವರ್ಷದ ದಿನ ಹಳೆಯ ಪ್ರೋಗ್ರಾಮುಗಳೆಲ್ಲ ಕೆಟ್ಟುಹೋಗುತ್ತವೆ, ಸರಿಪಡಿಸಲು ಲಕ್ಷಾಂತರ ಜನ ಬೇಕು ಎಂದು ಪತ್ರಿಕೆಗಳು ಬರೆದವು. ನಾನು ಸ್ವಯಂನಿವೃತ್ತಿ ಪಡೆದು ಊರಿಗೆ ಬಂದದ್ದೂ ಅದೇ ಹೊತ್ತಿಗೆ. ಬಂದ ವಾರದಲ್ಲೇ ಕಾಮತರು ಮನೆಗೆ ಬಂದರು. ಕಾಮತರದು ಮೂರೂ ಊರುಗಳಲ್ಲಿ ಟೈಪಿಂಗ್ ಕ್ಲಾಸು. ಟೈಪ್‌ರೈಟರುಗಳನ್ನು ಮೂಲೆಗೆ ಸರಿಸಿ, ಬೋರ್ಡಿಗೆ ಹೊಸ ಬಣ್ಣ ಹೊಡೆಸಿ, ಕಂಪ್ಯೂಟರ್ ಸಂಸ್ಥೆ ಮಾಡಿಕೊಂಡಿದ್ದರು.

"ಮೇನ್‌ಫ್ರೇಮ್ ಕಲಿಸೂದು ಅಂತ ಬೋರ್ಡ್ ಹಾಕಿ ಆತು," ಎಂದರು.

"ಮೆಷಿನ್ ಎಲ್ಲಿದೆ?" ಎಂದು ನಾನೂ ಕೇಳಿದೆ.

"ನೀವಿದ್ದೀರಲ್ಲ ಮಾರಾಯ್ರೆ!"

ತಮಾಷೆ ಎಂದುಕೊಂಡೆ. ಮರುವಾರ ಕುಮಟೆಯ ಕ್ಲಾಸಿಗೆ ಹೋದರೆ ಅರ್ಧ ಕೋಣೆಗೆ ಅಡ್ಡಲಾಗಿ ಪ್ಲೈವುಡ್ ಗೋಡೆ ಎದ್ದಿತ್ತು. ಗೋಡೆಗೆ ಒಂದು ಸಣ್ಣ ಕಿಟಕಿ, ಕಿಟಕಿಯ ಮೇಲೆ "ಮೇನ್‌ಫ್ರೇಮ್ ವಿಭಾಗ, ಒಳಗೆ ಪ್ರವೇಶವಿಲ್ಲ." ಒಳಗೆ ಒಂದು ಮೇಜು, ಒಂದು ಸಾಮಾನ್ಯ ಪಿಸಿ, ಕಿರುಗುಟ್ಟುವ ಪ್ರಿಂಟರ್, ಮತ್ತು ಎಸಿ. ಪಾಠದ ಕೋಣೆಯಲ್ಲಿ ಮೂವತ್ತು ಜನಕ್ಕೆ ಒಂದು ಫ್ಯಾನು, ಒಳಗಿದ್ದ ನನ್ನೊಬ್ಬನಿಗೆ ಎಸಿ. ಮೇನ್‌ಫ್ರೇಮ್‌ಗೆ ಎಸಿ ಕಡ್ಡಾಯ ಎಂದು ಕಾಮತರು ಎಲ್ಲೋ ಓದಿದ್ದರು.

ಮೂರೂ ಊರುಗಳಲ್ಲಿ ಇದೇ ಏರ್ಪಾಡು. ಪದ್ಧತಿ ಹೀಗೆ. ನಾನು ಬೆಳಗ್ಗೆ ಪಾಠ ಮಾಡುವುದು. ಕಲಿಯುವವರು ಚೌಕುಳಿಯ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಜಾಬ್ ಬರೆದು ಕಿಟಕಿಯೊಳಗೆ ಹಾಕುವುದು. ನಾನು ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಹಾಳೆ ಓದಿ, ನಿಜವಾದ ಮೆಷಿನ್ ಎಂತ ಹೇಳುತ್ತಿತ್ತೋ ಅದನ್ನು ಪಿಸಿಯಲ್ಲಿ ಟೈಪ್ ಮಾಡಿ, ಉದ್ದ ಕಾಗದದಲ್ಲಿ ಮುದ್ರಿಸಿ, ಮರುದಿನ ಕೊಡುವುದು. ಯಾರಾದರೂ ಕೇಳಿದರೆ, ಮೆಷಿನ್ ಮುಂಬೈಯಲ್ಲಿದೆ, ಜಾಬ್ ಟೆಲಿಫೋನ್ ಲೈನಿನಲ್ಲಿ ಹೋಗಿಬರುತ್ತದೆ ಎನ್ನುವುದು. ಇಪ್ಪತ್ತೆರಡು ವರ್ಷ ಮೆಷಿನ್ನಿನ ಬೈಗುಳ ಓದಿದವನಿಗೆ ಅದರ ಭಾಷೆ ಬಾಯಿಪಾಠ. ಆ ಕೆಲಸದಲ್ಲಿ ನನಗೆ ಹೆಮ್ಮೆಯೂ ಇತ್ತು ಎಂದು ಒಪ್ಪಿಕೊಳ್ಳಬೇಕು.

ಸೋಮವಾರ, ಮಂಗಳವಾರ ನಾನು ಕುಮಟೆಯ ಮೇನ್‌ಫ್ರೇಮ್. ಬುಧವಾರ, ಗುರುವಾರ ಹೊನ್ನಾವರದ್ದು. ಶುಕ್ರವಾರ ರಜೆ. ಶನಿವಾರ, ಭಾನುವಾರ ಭಟ್ಕಳದ್ದು. ನಾನಿಲ್ಲದ ದಿನ ಆಯಾ ಊರಿನಲ್ಲಿ ಲೈನ್ ಬಿಜಿ. ಒಮ್ಮೆ ನನಗೆ ಜ್ವರ ಬಂದು ಮಲಗಿದಾಗ ಮುಂಬೈಯಲ್ಲಿ ಭಾರೀ ತಾಂತ್ರಿಕ ದೋಷವಾಯಿತು. ಕಷಾಯ ಕುಡಿದ ಮೇಲೆ ಸರಿಹೋಯಿತು.

ಹೊಸಬರ ಪ್ರಶ್ನೆಗಳನ್ನು ಇಲ್ಲಿ ಹೇಳಿಬಿಡುತ್ತೇನೆ, ಈಗಿನವರೂ ಅವನ್ನೇ ಕೇಳುತ್ತಾರಂತೆ. ಎಲ್ಲ ಸಾಲೂ ಎರಡು ಓರೆ ಗೀಟಿನಿಂದ ಯಾಕೆ ಶುರುವಾಗಬೇಕು? ಕಾರ್ಡಿನ ಕಾಲದಲ್ಲಿ ಅರ್ಜಿ ಯಾವುದು, ದತ್ತಾಂಶ ಯಾವುದು ಎಂದು ಮೆಷಿನ್‌ಗೆ ಗೊತ್ತಾಗಲಿ ಎಂದು. ಕಾರ್ಡು ಹೋಗಿ ಎಷ್ಟೋ ಕಾಲವಾಯಿತಲ್ಲ? ಹೌದು, ಗೀಟು ಹೋಗಲಿಲ್ಲ. ಷರತ್ತಿನ ಸಾಲು ಯಾಕೆ ತಿರುಗಾಮುರುಗಾ? ಉಳಿದ ಕಡೆಯೆಲ್ಲ ಷರತ್ತು ನಿಜವಾದರೆ ಕೆಲಸ ನಡೆಯುತ್ತದೆ, ಇಲ್ಲಿ ಷರತ್ತು ನಿಜವಾದರೆ ಆ ಹೆಜ್ಜೆಯನ್ನು ಮೆಷಿನ್ ಬಿಟ್ಟು ಮುಂದೆ ಹೋಗುತ್ತದೆ. ಇದನ್ನು ಮಾಡಿದವರನ್ನು ನಾನು ಕಂಡಿಲ್ಲ, ಕಂಡಿದ್ದರೆ ಎರಡು ಮಾತು ಹೇಳುವುದಿತ್ತು. ಮತ್ತೆ ಆ ಹೆಸರಾಂತ ಪ್ರೋಗ್ರಾಮ್ ಒಂದಿದೆ, ಅದರ ಕೆಲಸ ಏನೂ ಮಾಡದಿರುವುದು. ಅದನ್ನು ಕರೆದರೆ ಸುಮ್ಮನೆ ವಾಪಸು ಬರುತ್ತದೆ, ಅದರ ನೆಪದಲ್ಲಿ ಕಡತ ಹುಟ್ಟಿಸುವುದು, ಅಳಿಸುವುದು ನಡೆಯುತ್ತದೆ. ಏನೂ ಮಾಡದ ಆ ಪ್ರೋಗ್ರಾಮಿನಲ್ಲೂ ಮೊದಲು ಒಂದು ತಪ್ಪಿತ್ತು, ಆಮೇಲೆ ತಿದ್ದಿದರು. ನನಗೆ ಇದು ವಿಚಿತ್ರ ಅನ್ನಿಸಲಿಲ್ಲ. ಅಂಥ ಇಬ್ಬರು ಮೇಲಧಿಕಾರಿಗಳ ಕೈಕೆಳಗೆ ನಾನು ಕೆಲಸ ಮಾಡಿದ್ದೇನೆ, ಅವರನ್ನು ಯಾರೂ ತಿದ್ದಲಿಲ್ಲ.

ಇನ್ನು ಸೊನ್ನೆಯ ವಿಷಯ. ಜಾಬ್ ಒಂದೂ ತಪ್ಪಿಲ್ಲದೆ ಮುಗಿದರೆ ಮೆಷಿನ್ ಸೊನ್ನೆ ಕೊಡುತ್ತದೆ. ತಪ್ಪು ಹೆಚ್ಚಿದಂತೆ ನಾಲ್ಕು, ಎಂಟು, ಹನ್ನೆರಡು. ಇಡಗುಂಜಿ ಕಡೆಯ ಒಬ್ಬ ಅಪ್ಪ ಒಂದು ಗುರುವಾರ ಹೊನ್ನಾವರದ ಕ್ಲಾಸಿಗೆ ನುಗ್ಗಿ, ಮಗಳ ಕಾಗದಗಳನ್ನು ಮೇಜಿನ ಮೇಲೆ ಚೆಲ್ಲಿದರು.

"ಎಂತ ಇದು? ನನ್ನ ಮಗಳಿಗೆ ಬರೀ ಸೊನ್ನೆ! ಪಕ್ಕದ ಮನೆ ಮಾಣಿಗೆ ಹನ್ನೆರಡು ಬಂದಿದೆ!"

ಸೊನ್ನೆಯೇ ಎಲ್ಲಕ್ಕಿಂತ ಮೇಲು ಎಂದು ಅರ್ಧ ಗಂಟೆ ವಿವರಿಸಿದೆ. ಅವರು ನಂಬಲಿಲ್ಲ. ಹೋಗುವಾಗ, ಮುಂದಿನ ವಾರವಾದರೂ ಒಂದೆರಡು ಅಂಕ ನೋಡಿ ಹಾಕಿ ಎಂದು ಮೆಲ್ಲಗೆ ಬೇಡಿಕೊಂಡರು.

ಆದರೆ ಆ ಮಗಳ ಸೊನ್ನೆಗಳೆಲ್ಲ ನಿಜವಾದವಲ್ಲ. ಇಲ್ಲಿಗೆ ನನ್ನ ತಪ್ಪಿನ ಕತೆ ಶುರುವಾಗುತ್ತದೆ. ಬೆಳಗ್ಗೆ ಹಾಳೆ ನೋಡುವಾಗ ನಾನು ಮೆಷಿನ್ನೇ. ಮಧ್ಯಾಹ್ನ ಬಂಗಡೆ ಮೀನಿನ ಸಾರು, ಅನ್ನ ಉಂಡು, ಎಸಿಯ ತಂಪಿನಲ್ಲಿ ಕೂತರೆ ನನ್ನಲ್ಲಿ ದಯೆ ಉಕ್ಕುತ್ತಿತ್ತು. ಅಲ್ಪವಿರಾಮ ಬಿಟ್ಟಿದ್ದಾಳೆ, ಪಾಪ, ಗೊತ್ತಿಲ್ಲದೆ ಅಲ್ಲ, ಅವಸರ. ಕಡತದ ಹೆಸರಿನಲ್ಲಿ ಒಂದಕ್ಷರ ಹೆಚ್ಚಾಗಿದೆ, ಇರಲಿ, ಬಸ್ಸಿಗೆ ಹೊರಟಿದ್ದನೇನೋ. ಸೊನ್ನೆ, ಸೊನ್ನೆ, ಸೊನ್ನೆ. ಕಾಮತರಿಗೂ ಇದು ಇಷ್ಟ. "ಸೊನ್ನೆ ಧಾರಾಳ ಕೊಡಿ ಮಾರಾಯ್ರೆ, ಮಕ್ಳು ಖುಷಿಯಲ್ಲಿ ಇರ್ಲಿ," ಎನ್ನುತ್ತಿದ್ದರು. ಮುಖ ನೋಡದಿರುವುದೇ ದೊಡ್ಡ ಗುಣ ಎಂದಿದ್ದ ಮುಂಬೈಯ ಮುಖ್ಯಸ್ಥರ ಮಾತು ನೆನಪಾದರೆ, ಅವರು ಬಂಗಡೆ ಸಾರು ಉಂಡವರಲ್ಲ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಎರಡು ಸಾವಿರದ ಗುಮ್ಮ ಬಂದು, ಏನೂ ಆಗದೆ, ಹೊರಟೂ ಹೋಯಿತು. ಕಾಮತರ ಬೋರ್ಡು ಹೋಗಲಿಲ್ಲ. ಆ ಮರುವರ್ಷ ಭಟ್ಕಳದ ಕ್ಲಾಸಿಗೆ ಜಯಂತಿ ಸೇರಿದಳು. ಕಾಯ್ಕಿಣಿಯವಳು, ವಕೀಲರ ಕಚೇರಿಯಲ್ಲಿ ಟೈಪಿಸ್ಟ್, ವಯಸ್ಸು ಮೂವತ್ತನಾಲ್ಕು. ಕ್ಲಾಸಿನಲ್ಲಿ ಉಳಿದವರೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದರು. ಮಂಗಳೂರಿನ ಒಂದು ವಿಮಾ ಕಚೇರಿಯ ಕಂಪ್ಯೂಟರ್ ಕೇಂದ್ರಕ್ಕೆ ಜಾಬ್ ಕಂಟ್ರೋಲ್ ಸಹಾಯಕರು ಬೇಕಾಗಿದ್ದರು. ವಯೋಮಿತಿ ಮೂವತ್ತೈದು. ನಿಜವಾದ ಮೆಷಿನ್ನಿನ ಮುಂದೆ ಕೂರಿಸಿ ಪರೀಕ್ಷೆ. ಈ ಸಲ ತಪ್ಪಿದರೆ ಅವಳಿಗೆ ಇನ್ನೊಂದು ಸಲ ಇರಲಿಲ್ಲ. ವಕೀಲರು ಹೇಳಿದ್ದನ್ನು ಸಾಯುವವರೆಗೆ ಟೈಪ್ ಮಾಡಿಕೊಂಡಿರುವುದು ನನ್ನಿಂದಾಗದು ಎಂದು ಸೇರಿದ ದಿನವೇ ಹೇಳಿದ್ದಳು.

ಅವಳ ಪ್ರಶ್ನೆಗಳು ಬೇರೆ ತರದವು.

"ಸರ್, ಭಟ್ಕಳದ ಲೈನ್ ಕುಮಟೆ ಬಸ್ ಬಂದ ಮೇಲೇ ಸರಿ ಆಗೂದು ಎಂತಕ್ಕೆ?"

ಕಾಕತಾಳೀಯ ಎಂದೆ.

"ಮಧ್ಯಾಹ್ನದ ಮೇಲೆ ಕೊಟ್ಟ ಜಾಬಿಗೆ ತಪ್ಪು ಕಮ್ಮಿ ಬರ್ತದೆ. ಮುಂಬೈಲಿ ಮೆಷಿನ್‌ಗೆ ಊಟದ ಹೊತ್ತು ಅಂತ ಇದ್ಯಾ?"

ವಿದ್ಯುತ್ತಿನ ಒತ್ತಡದಲ್ಲಿ ಏರಿಳಿತ ಇರುತ್ತದೆ ಎಂದೆ. ವಕೀಲರ ಕಚೇರಿಯಲ್ಲಿ ಹದಿನೈದು ವರ್ಷ ಸಾಕ್ಷಿಗಳ ಹೇಳಿಕೆ ಟೈಪ್ ಮಾಡಿದವಳು ತಲೆಯಾಡಿಸಿದಳು, ನಂಬಿದವಳ ಹಾಗೆ.

ಒಂದು ಶನಿವಾರ ಟಿಪ್ಪಣಿ ಸಾಲಿನ ಪಾಠ ಮಾಡಿದೆ. ಎರಡು ಗೀಟು ಎಳೆದು ಪಕ್ಕದಲ್ಲಿ ಒಂದು ನಕ್ಷತ್ರ ಹಾಕಿದರೆ ಆ ಸಾಲನ್ನು ಮೆಷಿನ್ ಓದುವುದಿಲ್ಲ. ಅದು ಮನುಷ್ಯರು ಮನುಷ್ಯರಿಗಾಗಿ ಬರೆದಿಡುವ ಸಾಲು, ಎಂತ ಬೇಕಾದರೂ ಬರೆಯಬಹುದು ಎಂದು ಹೇಳಿಕೊಟ್ಟೆ. ಮಧ್ಯಾಹ್ನ ಒಳಗೆ ಕೂತು ಹಾಳೆ ನೋಡುತ್ತಿದ್ದೆ. ಜಯಂತಿಯ ಜಾಬಿನ ನಡುವೆ ಒಂದು ಟಿಪ್ಪಣಿ ಸಾಲು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ: ಸರ್, ನಿಮ್ಮ ಕಿಸೆಯ ಪೆನ್ನು ಸೋರುತ್ತಿದೆ.

ಗಾಬರಿಯಾಗಿ ಕಿಸೆ ನೋಡಿಕೊಂಡೆ. ಬಿಳಿ ಅಂಗಿಯ ಮೇಲೆ ನೀಲಿ ಶಾಯಿ ಅಂಗೈಯಗಲ ಹರಡಿತ್ತು. ಪೆನ್ನನ್ನು ಕಾಗದದಲ್ಲಿ ಸುತ್ತಿ, ಕಲೆಯ ಮೇಲೆ ಕರವಸ್ತ್ರ ಒತ್ತಿ ಹಿಡಿದು, ನಲ್ಲಿಯ ಕಡೆಗೆ ಹೊರಗೆ ಓಡಿದೆ. ಜಯಂತಿ ಬಾಗಿಲಿಗೆ ಎದುರಾಗಿ ಬೆಂಚಿನ ಮೇಲೆ ಕೂತಿದ್ದಳು. ಕ್ಲಾಸಿನಲ್ಲಿ ಬೇರೆ ಯಾರೂ ಇರಲಿಲ್ಲ.

"ಮೆಷಿನ್ ಓದಿತಲ್ಲ ಸರ್," ಎಂದಳು.

ನಲ್ಲಿಗೆ ಹೋಗಿ ಕೈ ತೊಳೆದೆ. ಅಲ್ಲೇ ಎಷ್ಟು ಹೊತ್ತು ನಿಲ್ಲಲು ಸಾಧ್ಯ? ವಾಪಸು ಬಂದಾಗ ಅವಳು ತನ್ನ ಹಳೆಯ ಕಾಗದಗಳನ್ನೆಲ್ಲ ಬೆಂಚಿನ ಮೇಲೆ ಹರಡಿಕೊಂಡಿದ್ದಳು.

"ಇದ್ರಲ್ಲಿ ನಿಜವಾದ ಸೊನ್ನೆ ಎಷ್ಟು?"

ನಿಂತುಕೊಂಡೇ ಲೆಕ್ಕ ಹಾಕಿದೆ. ಇಪ್ಪತ್ತಾರರಲ್ಲಿ ಒಂಬತ್ತು.

ಅವಳು ಅಳಲಿಲ್ಲ, ಕೂಗಲಿಲ್ಲ. ಕೂಗಿದ್ದರೆ ನನಗೆ ಹಗುರಾಗುತ್ತಿತ್ತು. "ಪರೀಕ್ಷೆಗೆ ಐದು ವಾರ ಇದೆ," ಎಂದಳು. "ನಾ ಯಾರಿಗೂ ಹೇಳೂದಿಲ್ಲ. ಆದ್ರೆ ಇನ್ನು ನಂಗೆ ನಿಮ್ಮ ಪಾಪ ಪುಣ್ಯ ಬೇಡ. ಮೆಷಿನ್ ಎಂತ ಹೇಳ್ತದೋ ಅಷ್ಟೇ ಹೇಳಿ."

ಆ ಐದು ವಾರ ಅವಳ ಹಾಳೆಗಳನ್ನು ನಾನು ಊಟಕ್ಕೆ ಮೊದಲೇ ನೋಡಿದೆ. ಹೆಸರಿನ ಜಾಗವನ್ನು ಅಂಗೈಯಿಂದ ಮುಚ್ಚಿಕೊಂಡು ನೋಡಿದೆ. ಮೊದಲ ವಾರ ಕೊಟ್ಟ ಎಲ್ಲ ಜಾಬೂ ವಾಪಸು. ಅತ್ಯಂತ ಹೆಚ್ಚು ಸಲ ತಪ್ಪಿದ್ದು ಕಡತದ ಮೂರು ಮಾತಿನ ಸಾಲಿನಲ್ಲಿ. ಆ ಮೂರು ಮಾತು ಇವು: ಕಡತ ಹೊಸದೋ ಹಳೆಯದೋ, ಕೆಲಸ ಸರಿಯಾಗಿ ಮುಗಿದರೆ ಅದನ್ನು ಎಂತ ಮಾಡಬೇಕು, ಕೆಲಸ ಕೆಟ್ಟರೆ ಎಂತ ಮಾಡಬೇಕು. ಮೂರನೆಯದನ್ನು ಹೊಸಬರೆಲ್ಲ ಖಾಲಿ ಬಿಡುತ್ತಾರೆ, ಕೆಡುತ್ತದೆಂದು ಯಾರೂ ಎಣಿಸುವುದಿಲ್ಲ. ಹೊಸ ಕಡತಕ್ಕೆ ಖಾಲಿ ಬಿಟ್ಟರೆ, ಕೆಲಸ ಕೆಟ್ಟು ನಿಂತಾಗಲೂ ಮೆಷಿನ್ ಎರಡನೆಯ ಮಾತನ್ನೇ ಹಿಡಿದು ಅರೆಬೆಂದ ಕಡತವನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತದೆ. ಮರುದಿನ ಅದೇ ಜಾಬ್ ಕೊಟ್ಟರೆ, ಇದೇ ಹೆಸರಿನ ಕಡತ ಆಗಲೇ ಇದೆ ಎಂದು ಜಗಳ ತೆಗೆಯುತ್ತದೆ. ಮೂರನೆಯ ವಾರದ ಹೊತ್ತಿಗೆ ಜಯಂತಿ ನನ್ನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಿದ್ದಳು. ಕಾಗದ ತೆಗೆದುಕೊಂಡು, ಓದಿ, ಹಲ್ಲು ಕಚ್ಚಿ, ಮತ್ತೆ ಬರೆಯುತ್ತಿದ್ದಳು. ಅವಳಿಗೆ ಸಿಗುವುದು ವಾರಕ್ಕೆ ಎರಡೇ ದಿನ, ಫಲಿತಾಂಶ ಮರುದಿನ. ಹಾಗಾಗಿ ಹಾಳೆ ಕೊಡುವ ಮೊದಲು ಬೆರಳಿಟ್ಟು ಅಕ್ಷರ ಅಕ್ಷರ ಓದುವುದನ್ನು ಕಲಿತಳು. ಕೊನೆಯ ವಾರ ನಾನು ತಪ್ಪು ಹುಡುಕಿ ಸೋತೆ. ಅಷ್ಟು ಸಂತೋಷದಿಂದ ನಾನು ಯಾವತ್ತೂ ಸೋತಿರಲಿಲ್ಲ.

ಪರೀಕ್ಷೆಯ ದಿನ ನಡೆದದ್ದನ್ನು ಆಮೇಲೆ ಅವಳೇ ಹೇಳಿದಳು. ಉಳಿದವರು ಕೂತ ಕೂಡಲೇ ಟಪಟಪ ಟೈಪ್ ಮಾಡಿ ಕೊಡುವುದು, ತಪ್ಪು ಬರುವುದು, ತಿದ್ದಿ ಕೊಡುವುದು, ಇನ್ನೊಂದು ತಪ್ಪು. ಇವಳು ಯಾರ ತೆರೆಯನ್ನೂ ತಲೆಯೆತ್ತಿ ನೋಡದೆ ಮುಕ್ಕಾಲು ಗಂಟೆ ಕಾಗದದಲ್ಲಿ ಪೆನ್ಸಿಲ್ ಹಿಡಿದು ಬರೆದಳು. ಪಕ್ಕದವನಿಗೆ ಇವಳ ಮೇಲೆ ಕನಿಕರ ಬಂತಂತೆ. ಆಮೇಲೆ ಟೈಪ್ ಮಾಡಿ, ಒಂದೇ ಸಲ ಕೊಟ್ಟು, ಚೀಲ ಹೆಗಲಿಗೇರಿಸಿ, ಮೇಲ್ವಿಚಾರಕರಿಗೆ ನಮಸ್ಕಾರ ಹೇಳಿ ಹೊರಗೆ ನಡೆದಳು. ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಕಾವಲುಗಾರ ಓಡಿಬಂದ.

"ಎಲ್ಲಿಗೆ ಹೋಗುದು ನೀವು? ಪರೀಕ್ಷೆ ಮುಗ್ದಿಲ್ಲ!"

"ಜಾಬ್ ಕೊಟ್ಟು ಆತಲ್ಲ," ಎಂದಳಂತೆ ಇವಳು. "ಔಟ್‌ಪುಟ್ ನಾಳೆ ಬರೂದು."

ನಿಜವಾದ ಮೆಷಿನ್ ಅದೇ ಕ್ಷಣದಲ್ಲಿ ಉತ್ತರ ಕೊಡುತ್ತದೆ, ಅದನ್ನು ನೋಡಿಯೇ ಎರಡನೆಯ ಭಾಗ ಬರೆಯಬೇಕು ಎಂಬುದನ್ನು ಅವಳಿಗೆ ಹೇಳಲು ನಾನು ಮರೆತಿದ್ದೆ. ತೆರೆಯಲ್ಲಿ ಜಾಬ್ ಮುಗಿಯುವುದನ್ನು ಮುಂಬೈಯ ಕೊನೆಯ ವರ್ಷಗಳಲ್ಲಿ ದಿನವೂ ಕಂಡವನು, ಮೂರು ವರ್ಷ ಮೆಷಿನ್ ಆಗಿ ನಟಿಸಿ, ಕಾರ್ಡಿನ ಕಾಲಕ್ಕೇ ವಾಪಸು ಹೋಗಿಬಿಟ್ಟಿದ್ದೆ. ಅವಳು ಪರೀಕ್ಷೆಯ ಕೋಣೆಗೆ ಮರಳಿದಾಗ ಉಳಿದದ್ದು ಇಪ್ಪತ್ತು ನಿಮಿಷ. ತೆರೆಯ ಮೇಲೆ ಅವಳ ಮೊದಲ ಜಾಬಿನ ಫಲಿತಾಂಶ ಕಾಯುತ್ತಿತ್ತು, ಸೊನ್ನೆ. ಇದು ನಿಜವಾದದ್ದು. ಎರಡನೆಯ ಜಾಬನ್ನೂ ಒಂದೇ ಸಲ ಕೊಟ್ಟಳು.

ಅವಳಿಗೆ ಕೆಲಸ ಸಿಕ್ಕಿತು. ಕಾಮತರು ಅವಳ ಫೋಟೋ ಹಾಕಿ, "ನಮ್ಮ ಸುಸಜ್ಜಿತ ಮೇನ್‌ಫ್ರೇಮ್ ಲ್ಯಾಬಿನ ಸಾಧನೆ" ಎಂದು ಮೂರೂ ಊರುಗಳಲ್ಲಿ ಬ್ಯಾನರ್ ಕಟ್ಟಿಸಿದರು. ಸುಸಜ್ಜಿತ ಲ್ಯಾಬು ಪ್ಲೈವುಡ್ಡಿನ ಹಿಂದೆ ಕೂತು ಬಂಗಡೆ ಸಾರು ಉಣ್ಣುತ್ತಿತ್ತು. ಬ್ಯಾನರ್ ನೋಡಿ ಹೊಸ ಬ್ಯಾಚು ತುಂಬಿತು. ಮಧ್ಯಾಹ್ನದ ದಯೆ ನಿಧಾನವಾಗಿ ಮರಳಿ ಬಂತು.

ಮೂರು ತಿಂಗಳ ಮೇಲೆ, ಒಂದು ಶನಿವಾರ, ರಜೆಗೆ ಬಂದ ಜಯಂತಿ ಭಟ್ಕಳದ ಕ್ಲಾಸಿಗೆ ಬಂದಳು. ಎಲ್ಲರಿಗೂ ಪೇಡಾ ಹಂಚಿದಳು. ಹೊಸಬರು ಅವಳನ್ನು ಸುತ್ತುವರಿದು ನಿಂತರು. ನಾನು ಬಾಗಿಲು ಹಾಕಿಕೊಂಡು ಒಳಗೇ ಇದ್ದೆ. ಹೋಗುವ ಮೊದಲು ಕಿಟಕಿಯಿಂದ ಒಂದು ಹಾಳೆ ಒಳಗೆ ಬಿತ್ತು. ಅವಳದೇ ಅಕ್ಷರ. ಐದು ಸಾಲಿನ ಜಾಬ್. ಎರಡನೆಯ ಸಾಲಿನಲ್ಲಿ ಒಂದು ಅಲ್ಪವಿರಾಮವನ್ನು ಬೇಕೆಂದೇ ಬಿಟ್ಟಿದ್ದಳು. ಕೊನೆಯಲ್ಲಿ ಎರಡು ಗೀಟು, ಒಂದು ನಕ್ಷತ್ರ, ಒಂದು ಟಿಪ್ಪಣಿ: ಸರ್, ಅಲ್ಲಿಯ ಮೆಷಿನ್ ಯಾರ ಮುಖವನ್ನೂ ನೋಡುವುದಿಲ್ಲ. ನನ್ನೊಬ್ಬಳಿಗೆ ನಿಜ ಹೇಳಿದ್ದು ಸಾಕಾ?

ನನ್ನೆದುರಿಗೆ ಹೊಸಬರ ಹಾಳೆಗಳ ಕಟ್ಟು ಇತ್ತು. ಅವಳಿಗಿಂತ ಮೊದಲು ಕಲಿತುಹೋದವರು, ಸುಳ್ಳು ಸೊನ್ನೆಗಳ ಕಟ್ಟು ಹಿಡಿದು ಎಲ್ಲೆಲ್ಲೋ ಪರೀಕ್ಷೆಗೆ ಕೂತವರು ನೆನಪಾದರು. ಒಬ್ಬರೂ ನನ್ನನ್ನು ಬೈಯಲು ವಾಪಸು ಬಂದಿರಲಿಲ್ಲ. ತಪ್ಪು ತಮ್ಮದೇ ಎಂದುಕೊಂಡಿರಬೇಕು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಅವಳ ಜಾಬಿಗೆ ತಪ್ಪಿನ ಕಾಗದ ಮುದ್ರಿಸಿ ಕಿಟಕಿಯಲ್ಲಿ ಕೊಟ್ಟೆ. ಓದಿ ನಕ್ಕಳು, ಮಡಚಿ ಚೀಲದಲ್ಲಿಟ್ಟುಕೊಂಡು ಬಸ್ಸಿಗೆ ಹೋದಳು. ಆಮೇಲೆ ನಾನು ಎದ್ದು ಬಾಗಿಲು ಪೂರ್ತಿ ತೆರೆದು, ಎಲ್ಲರನ್ನೂ ಒಳಗೆ ಕರೆದೆ. ಕಾಮತರು ಮರುದಿನ ನನಗೆ ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ, ಕೊಂಕಣಿಯಲ್ಲಿ ಹೇಳಿದರು. ಬ್ಯಾನರಿನಿಂದ "ಲ್ಯಾಬ್" ಹೋಯಿತು, ಎಸಿ ಕಾಮತರ ಮನೆಗೆ ಹೋಯಿತು, ನಾಲ್ಕು ಜನ ಕ್ಲಾಸು ಬಿಟ್ಟರು. ಅದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ಎಲ್ಲರೂ ಒಳಗೆ ಬಂದು ಮೇಜು ನೋಡಿದರು, ಪಿಸಿ ನೋಡಿದರು, ಪ್ರಿಂಟರ್ ನೋಡಿದರು, ನನ್ನ ತೊಳೆಯದ ಊಟದ ಡಬ್ಬಿ ನೋಡಿದರು.

"ಮೆಷಿನ್ ಎಲ್ಲಿ ಅಂತ ಕೇಳ್ತಿದ್ದಿರಲ್ಲ," ಎಂದೆ. "ನಾನೇ."

ಹಿಂದಿನ ಸಾಲಿನಲ್ಲಿ ಸದಾ ಬಾಯಿಮುಚ್ಚಿಕೊಂಡಿರುತ್ತಿದ್ದ ಒಬ್ಬಳು ಡಬ್ಬಿಯನ್ನೇ ನೋಡುತ್ತ ಕೇಳಿದಳು: "ಹಂಗಾರೆ ಸರ್, ನಮ್ಮ ಜಾಬ್ ಇನ್ನು ಊಟಕ್ಕೆ ಮುಂಚೆ ನೋಡೂದಾ, ಊಟ ಆದ್ಮೇಲಾ?"

"ಮುಂಚೆ," ಎಂದೆ.